ವಾರಕ್ಕೊಂದು ಗಂಟೆ ಓಡುವ ಕಂಪ್ಯೂಟರಿಗೆ ಅಪ್‌ಡೇಟ್ ಯಾವಾಗ?

2017ರ ಮಾರ್ಚ್ 14ರ ಮಂಗಳವಾರ ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್‌ನ ಫೈಲ್ ಹಂಚಿಕೆ ವ್ಯವಸ್ಥೆಯಲ್ಲಿದ್ದ ಒಂದು ಗಂಭೀರ ದೋಷಕ್ಕೆ ತೇಪೆಯನ್ನು, ಅಂದರೆ ದೋಷ ಸರಿಪಡಿಸುವ ಅಪ್‌ಡೇಟನ್ನು, ಬಿಡುಗಡೆ ಮಾಡಿತು. ಅದೇ ವರ್ಷದ ಮೇ 12ರ ಶುಕ್ರವಾರ, ಅದೇ ದೋಷವನ್ನು ಹಿಡಿದುಕೊಂಡು ವಾನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಹರಡಿ, ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ಆಸ್ಪತ್ರೆಗಳೂ ಸೇರಿದಂತೆ ಅಸಂಖ್ಯ ಕಚೇರಿಗಳ ಕಡತಗಳಿಗೆ ಬೀಗ ಜಡಿಯಿತು. ಈ ಎರಡು ದಿನಾಂಕಗಳ ನಡುವೆ ಸರಿಯಾಗಿ ಎಂಟು ಶನಿವಾರಗಳಿದ್ದವು. ಪ್ರತಿದಿನ ಎಂಟು ಗಂಟೆ ಕಾಲ ಓಡುವ ಕಚೇರಿಯ ಕಂಪ್ಯೂಟರಿಗೆ ಎರಡು ತಿಂಗಳೆಂದರೆ ತೇಪೆ ಹಾಕಿಕೊಳ್ಳಲು ಧಾರಾಳವಾದ ಅವಧಿ. ಆದರೆ ಶನಿವಾರದ ಅರ್ಧ ದಿನದ ಶಾಲೆಯಲ್ಲಿ ಒಂದೇ ಒಂದು ಪೀರಿಯಡ್ಡಿಗೆಂದು ಆನ್ ಆಗುವ ಲ್ಯಾಬಿನ ಕಂಪ್ಯೂಟರಿಗೆ ಆ ಎರಡು ತಿಂಗಳುಗಳು ಒಟ್ಟು ಎಂಟು ಗಂಟೆಗಳಷ್ಟೇ, ಅದೂ ಎಂಟು ತುಂಡುಗಳಾಗಿ.

ಇಂತಹ ಕಂಪ್ಯೂಟರುಗಳು ನಾವು ಅಂದುಕೊಂಡಿರುವುದಕ್ಕಿಂತ ಹೆಚ್ಚಿವೆ. ಮಗ ಬೇರೆ ಊರಿಗೆ ಹೋದ ಮೇಲೆ ವಿಡಿಯೊ ಕರೆಗೆಂದು ಮಾತ್ರ ತೆರೆಯುವ ಮನೆಯ ಲ್ಯಾಪ್‌ಟಾಪ್, ತಿಂಗಳ ಕೊನೆಯಲ್ಲಿ ಲೆಕ್ಕ ಬರೆಯಲು ಮಾತ್ರ ಹಚ್ಚುವ ಸಹಕಾರ ಸಂಘದ ಕಂಪ್ಯೂಟರ್, ಕರೆಂಟ್ ಇದ್ದಾಗಷ್ಟೇ ಎಚ್ಚರಗೊಳ್ಳುವ ಹಳ್ಳಿಯ ಗ್ರಂಥಾಲಯದ ಯಂತ್ರ, ಇವೆಲ್ಲ ಇದೇ ಸಾಲಿಗೆ ಸೇರುತ್ತವೆ. ನಾನು ಬಿಡುವಿನಲ್ಲಿ ನೋಡಿಕೊಳ್ಳುವ ಒಂದು ಶಾಲೆಯ ಲ್ಯಾಬಿನಲ್ಲಿ, ಸ್ವಯಂಚಾಲಿತ ಅಪ್‌ಡೇಟ್ ಚಾಲ್ತಿಯಲ್ಲಿದೆ ಎಂದು ಸೆಟ್ಟಿಂಗ್‌ನಲ್ಲಿ ಸ್ಪಷ್ಟವಾಗಿ ತೋರಿಸುತ್ತಿದ್ದ ಯಂತ್ರವೊಂದರಲ್ಲಿ ತಿಂಗಳುಗಟ್ಟಲೆ ಒಂದೂ ತೇಪೆ ಸೇರಿರಲಿಲ್ಲವೆಂಬುದನ್ನು ಕಂಡ ದಿನದಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಯಂತ್ರ ಕೆಟ್ಟಿರಲಿಲ್ಲ, ಸೆಟ್ಟಿಂಗ್ ಕೂಡ ತಪ್ಪಾಗಿರಲಿಲ್ಲ. ವೇಳೆ ಮಾತ್ರ ಹೊಂದಿಕೆಯಾಗುತ್ತಿರಲಿಲ್ಲ. ಅಪರೂಪಕ್ಕೆ ತೆರೆಯುವ ಕಂಪ್ಯೂಟರಿನಲ್ಲಿ ಅತಿ ಹೆಚ್ಚು ಅಪಾಯವಿರುವುದು ಮೊದಲ ಕೆಲವು ನಿಮಿಷಗಳಲ್ಲಿ, ಏಕೆಂದರೆ ವಾರಗಳ ಹಿಂದಿನ ತಂತ್ರಾಂಶವನ್ನೇ ಹೊತ್ತುಕೊಂಡು ಅದು ನೇರವಾಗಿ ಇಂಟರ್ನೆಟ್ಟಿಗೆ ಇಳಿಯುತ್ತದೆ. ಆದ್ದರಿಂದ ಗಡಿಯಾರದ ಪ್ರಕಾರ ಇಷ್ಟು ಗಂಟೆಗೆ ಎಂದು ನಿಗದಿಪಡಿಸುವುದಕ್ಕಿಂತ, ಆನ್ ಆದ ಇಷ್ಟು ನಿಮಿಷಕ್ಕೆ ಎಂದು ನಿಗದಿಪಡಿಸುವುದೇ ಇಂತಹ ಯಂತ್ರಗಳಿಗೆ ಸರಿಹೊಂದುವ ಕ್ರಮ. ಹೇಳಲು ಇದು ಸುಲಭವಾದರೂ, ನಮ್ಮ ಕಾರ್ಯಾಚರಣ ವ್ಯವಸ್ಥೆಗಳು ರೂಢಿಯಲ್ಲಿ ಬೇರೆಯದೇ ಊಹೆಯ ಮೇಲೆ ನಿಂತಿವೆ.

ಆ ಊಹೆಯ ಮೂಲ ಯುನಿಕ್ಸ್ ಎಂಬ ಹಳೆಯ ಕಾರ್ಯಾಚರಣ ವ್ಯವಸ್ಥೆಯ ಕಾಲದ್ದು. ನಿಗದಿತ ವೇಳೆಗೆ ಕೆಲಸಗಳನ್ನು ನಡೆಸುವ ಕ್ರಾನ್ ಎಂಬ ತಂತ್ರಾಂಶ ಹುಟ್ಟಿದಾಗ ಕಂಪ್ಯೂಟರ್ ಎಂದರೆ ಹಗಲು ರಾತ್ರಿ ಓಡುವ ದೊಡ್ಡ ಯಂತ್ರವಾಗಿತ್ತು. ಕ್ರಾನ್ ಪ್ರತಿ ನಿಮಿಷವೂ ಗಡಿಯಾರವನ್ನು ನೋಡಿ, ಈ ನಿಮಿಷಕ್ಕೆ ಏನಾದರೂ ಕೆಲಸವಿದೆಯೇ ಎಂದು ಪರೀಕ್ಷಿಸುತ್ತದೆ. ಇದ್ದರೆ ಮಾಡುತ್ತದೆ, ಇಲ್ಲದಿದ್ದರೆ ಮುಂದಿನ ನಿಮಿಷಕ್ಕೆ ಹೋಗುತ್ತದೆ. ಕಳೆದುಹೋದ ನಿಮಿಷದ ನೆನಪು ಅದಕ್ಕಿಲ್ಲ. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಒಂದು ರೂಪವಾದ ಡೆಬಿಯನ್‌ನಲ್ಲಿ ದಿನದ ಕೆಲಸಗಳಿಗೆ ಬೆಳಿಗ್ಗೆ 6 ಗಂಟೆ 25 ನಿಮಿಷ, ವಾರದ ಕೆಲಸಗಳಿಗೆ ಭಾನುವಾರ 6 ಗಂಟೆ 47 ನಿಮಿಷ ಎಂದು ಕ್ರಾನ್ ಪಟ್ಟಿಯಲ್ಲಿ ಬರೆದಿರುತ್ತದೆ. ಬೆಳಿಗ್ಗೆ ಎಂಟಕ್ಕೆ ಮುಚ್ಚುವ ಹಾಲಿನ ಡೈರಿಗೆ ಹತ್ತು ಗಂಟೆಗೆ ಕ್ಯಾನು ಹೊತ್ತು ಹೋದವನಂತೆ, ಹತ್ತು ಗಂಟೆಗೆ ಆನ್ ಆಗುವ ಯಂತ್ರಕ್ಕೆ ಆ ದಿನದ ಸರದಿ ಮುಗಿದೇ ಹೋಗಿರುತ್ತದೆ.

ಈ ಕೊರತೆಯನ್ನು ತುಂಬಲು ಬಂದದ್ದು ಅನಾಕ್ರಾನ್. ಇದು ಗಡಿಯಾರದ ಜೊತೆಗೆ ಒಂದು ಲೆಕ್ಕವನ್ನೂ ಇಟ್ಟುಕೊಳ್ಳುತ್ತದೆ. ಪ್ರತಿಯೊಂದು ಕೆಲಸವನ್ನು ಕೊನೆಯ ಬಾರಿ ಮಾಡಿದ ದಿನಾಂಕವನ್ನು ಒಂದು ಸಣ್ಣ ಕಡತದಲ್ಲಿ ಬರೆದಿಟ್ಟು, ಯಂತ್ರ ಆನ್ ಆದಾಗ ಅದನ್ನು ಇಂದಿನ ದಿನಾಂಕದೊಂದಿಗೆ ಹೋಲಿಸಿ, ದಿನದ ಕೆಲಸಕ್ಕೆ ಒಂದು ದಿನ, ವಾರದ ಕೆಲಸಕ್ಕೆ ಏಳು ದಿನ ಕಳೆದಿದ್ದರೆ ಬಾಕಿ ಇದೆ ಎಂದು ತೀರ್ಮಾನಿಸುತ್ತದೆ. ಆಮೇಲೆ ದಿನದ ಕೆಲಸವನ್ನು 5 ನಿಮಿಷ, ವಾರದ್ದನ್ನು 10 ನಿಮಿಷ, ತಿಂಗಳದ್ದನ್ನು 15 ನಿಮಿಷ ತಡೆದು ಒಂದೊಂದಾಗಿ ನಡೆಸುತ್ತದೆ. ಯಂತ್ರ ಏಳುವ ಗಡಿಬಿಡಿಯಲ್ಲಿ ಎಲ್ಲವೂ ಒಮ್ಮೆಗೇ ಮುಗಿಬೀಳಬಾರದು ಎಂಬುದೇ ಆ ತಡೆಯ ಉದ್ದೇಶ. ಅಪರೂಪಕ್ಕೆ ಓಡುವ ಯಂತ್ರಗಳ ಮಟ್ಟಿಗೆ ಇದಕ್ಕಿಂತ ವಿವೇಕದ ಏರ್ಪಾಡನ್ನು ನಾನು ಕಂಡಿಲ್ಲ. ಆ್ಯಪಲ್‌ನ ಮ್ಯಾಕ್‌ಗಳಲ್ಲಿರುವ ಲಾಂಚ್‌ಡಿ ಕೂಡ ಗಡಿಯಾರಕ್ಕೆ ಕಟ್ಟಿದ ಕೆಲಸದ ವಿಷಯದಲ್ಲಿ ಇಷ್ಟು ದೂರ ಹೋಗುವುದಿಲ್ಲ: ನಿಗದಿತ ವೇಳೆಯಲ್ಲಿ ಯಂತ್ರ ನಿದ್ರೆಯಲ್ಲಿದ್ದರೆ ಎದ್ದ ಕೂಡಲೇ ಕೆಲಸ ನಡೆಯುತ್ತದೆ, ಪೂರ್ತಿ ಆಫ್ ಆಗಿದ್ದರೆ ಮುಂದಿನ ಸರದಿಯವರೆಗೆ ಕಾಯಬೇಕಾಗುತ್ತದೆ.

ಇಂದಿನ ಡೆಬಿಯನ್ ಮತ್ತು ಲಿನಕ್ಸ್‌ನ ಇನ್ನೊಂದು ರೂಪವಾದ ಉಬುಂಟುಗಳಲ್ಲಿ ಅಪ್‌ಡೇಟ್‌ನ ಹೊಣೆ ಸಿಸ್ಟಮ್‌ಡಿ ಎಂಬ ವ್ಯವಸ್ಥೆಯ ಎರಡು ಟೈಮರುಗಳ ಮೇಲಿದೆ, ಮತ್ತು ನಾನು ಕಂಡ ತೊಂದರೆಯ ಬೇರು ಇರುವುದೂ ಇಲ್ಲಿಯೇ. ಮೊದಲನೆಯದರ ಹೆಸರು ಆಪ್ಟ್-ಡೈಲಿ. ಹೊಸ ಪ್ಯಾಕೇಜುಗಳ, ಅಂದರೆ ತಂತ್ರಾಂಶದ ಕಟ್ಟುಗಳ, ಪಟ್ಟಿಯನ್ನು ಸರ್ವರಿನಿಂದ ತರುವುದು ಮತ್ತು ಬೇಕಾದ ಪ್ಯಾಕೇಜುಗಳನ್ನು ಇಳಿಸಿಕೊಳ್ಳುವುದು ಇದರ ಕೆಲಸ. ಎರಡನೆಯದು ಆಪ್ಟ್-ಡೈಲಿ-ಅಪ್‌ಗ್ರೇಡ್, ಅದು ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಎಂಬ ತಂತ್ರಾಂಶದ ಮೂಲಕ ಭದ್ರತಾ ತೇಪೆಗಳನ್ನು ಯಂತ್ರಕ್ಕೆ ಅಳವಡಿಸುತ್ತದೆ. ಮೊದಲನೆಯದಕ್ಕೆ ದಿನಕ್ಕೆ ಎರಡು ಸಲ, ಬೆಳಿಗ್ಗೆ 6 ಮತ್ತು ಸಂಜೆ 6 ಗಂಟೆ ನಿಗದಿಯಾಗಿದ್ದರೆ, ಎರಡನೆಯದಕ್ಕೆ ಬೆಳಿಗ್ಗೆ 6 ಗಂಟೆ. ಎರಡಕ್ಕೂ ಪರ್ಸಿಸ್ಟೆಂಟ್ ಎಂಬ ಗುಣವನ್ನು ಕೊಡಲಾಗಿದೆ, ಅಂದರೆ ಯಂತ್ರ ಆಫ್ ಆಗಿದ್ದಾಗ ತಪ್ಪಿದ ಸರದಿಯನ್ನು ಆನ್ ಆದ ಮೇಲೆ ತೀರಿಸಬೇಕು. ಇಷ್ಟನ್ನು ಓದಿದವರು ಅನಾಕ್ರಾನ್‌ನ ಜಾಣ್ಮೆ ಇಲ್ಲಿಯೂ ಇದೆಯೆಂದು ನೆಮ್ಮದಿಪಡುತ್ತಾರೆ. ನಾನೂ ಹಾಗೆಯೇ ನೆಮ್ಮದಿಯಿಂದಿದ್ದೆ.

ಆದರೆ ಮೊದಲನೆಯ ಟೈಮರಿನಲ್ಲಿ ಇನ್ನೊಂದು ಸಾಲಿದೆ. ನಿಗದಿತ ವೇಳೆಯಾದ ಮೇಲೆ ಶೂನ್ಯದಿಂದ 12 ಗಂಟೆಗಳೊಳಗೆ ಯಾವುದೋ ಒಂದು ಕ್ಷಣವನ್ನು ಚೀಟಿ ಎತ್ತಿದಂತೆ ಆರಿಸಿ, ಅಷ್ಟು ಹೊತ್ತು ತಡೆದು ಕೆಲಸ ಆರಂಭಿಸು ಎಂಬುದು ಅದರ ಅರ್ಥ. ಇದಕ್ಕೆ ಒಳ್ಳೆಯ ಕಾರಣವೇ ಇದೆ. ಜಗತ್ತಿನ ಅಷ್ಟೂ ಯಂತ್ರಗಳು ಸರಿಯಾಗಿ ಆರು ಗಂಟೆಗೆ ಪಟ್ಟಿ ಕೇಳಿದರೆ, ತಿಂಗಳ ಮೊದಲ ದಿನ ಇಡೀ ಊರು ನ್ಯಾಯಬೆಲೆ ಅಂಗಡಿಯ ಮುಂದೆ ನಿಂತಂತಾಗಿ ಸರ್ವರುಗಳು ಬಳಲುತ್ತವೆ. ಬೇಡಿಕೆಯನ್ನು ದಿನವಿಡೀ ಹರಡಿದರೆ ಎಲ್ಲರಿಗೂ ಸುಗಮ. ಹಗಲಿರುಳು ಓಡುವ ಸರ್ವರಿಗೆ ಈ ತಡೆಯಿಂದ ನಷ್ಟವೇನೂ ಇಲ್ಲ. ಆದರೆ ತಪ್ಪಿದ ಸರದಿಯನ್ನು ತೀರಿಸುವಾಗಲೂ ಈ ತಡೆ ಅನ್ವಯಿಸುತ್ತದೆ: ಯಂತ್ರ ಆನ್ ಆದ ಕ್ಷಣದಿಂದ ಲೆಕ್ಕ ಶುರುವಾಗಿ, ಅಲ್ಲಿಂದ 12 ಗಂಟೆಗಳೊಳಗಿನ ಯಾವುದೋ ಒಂದು ಕ್ಷಣಕ್ಕೆ ಕೆಲಸ ಮುಂದೂಡಲ್ಪಡುತ್ತದೆ. ಪ್ರತಿ ಸಲ ಆನ್ ಮಾಡಿದಾಗಲೂ ಹೊಸ ಚೀಟಿ.

ಒಂದು ಗಂಟೆ ಮಾತ್ರ ಓಡುವ ಯಂತ್ರದಲ್ಲಿ ಆ ಕ್ಷಣ ಮೊದಲ ಒಂದು ಗಂಟೆಯೊಳಗೆ ಬೀಳುವ ಸಾಧ್ಯತೆ ಹನ್ನೆರಡರಲ್ಲಿ ಒಂದು. ಬೀಳದಿದ್ದರೆ ಯಂತ್ರ ಆಫ್ ಆಗುತ್ತದೆ, ಮುಂದಿನ ವಾರ ಮತ್ತೆ ಮೊದಲಿನಿಂದ ಚೀಟಿ ಎತ್ತಬೇಕು. ಎಂಟು ಶನಿವಾರಗಳೂ ಹೀಗೆ ತಪ್ಪಿಹೋಗುವ ಸಾಧ್ಯತೆಯನ್ನು ಲೆಕ್ಕ ಹಾಕಲು ಹನ್ನೊಂದು ಭಾಗಿಸು ಹನ್ನೆರಡು ಎಂಬುದನ್ನು ಎಂಟು ಸಲ ಗುಣಿಸಿದರೆ ಸಾಕು. ಉತ್ತರ ಸುಮಾರು 0.5. ಎರಡು ತಿಂಗಳ ಕಾಲ ಪ್ಯಾಕೇಜ್ ಪಟ್ಟಿ ಒಮ್ಮೆಯೂ ಹೊಸದಾಗದೆ ಇರುವ ಸಾಧ್ಯತೆ ನಾಣ್ಯ ಚಿಮ್ಮಿದಷ್ಟೇ ಎಂದಾಯಿತು. ಪ್ರತಿದಿನ ಒಂದು ಗಂಟೆ ಓಡುವ ಯಂತ್ರದಲ್ಲೂ ಇಡೀ ತಿಂಗಳು ತಪ್ಪಿಹೋಗುವ ಸಾಧ್ಯತೆ ಶೇಕಡಾ 7ರಷ್ಟಿದೆ. ಎರಡನೆಯ ಟೈಮರಿನ ತಡೆ ಗರಿಷ್ಠ 60 ನಿಮಿಷ ಮಾತ್ರವಾದ್ದರಿಂದ ಅಳವಡಿಸುವ ಕೆಲಸ ಹೆಚ್ಚುಕಡಿಮೆ ಪ್ರತಿ ಶನಿವಾರವೂ ನಡೆಯುತ್ತದೆ, ಆದರೆ ಅದರ ಕೈಯಲ್ಲಿರುವುದು ಹಳೆಯ ಪಟ್ಟಿ. ಆ ಪಟ್ಟಿಯ ಪ್ರಕಾರ ಹೊಸದೇನೂ ಇಲ್ಲ, ಹಾಗಾಗಿ ಅಳವಡಿಸಬೇಕಾದ್ದು ಏನೂ ಇಲ್ಲ ಎಂದು ಲಾಗ್ ಕಡತದಲ್ಲಿ ಶಿಸ್ತಾಗಿ ಬರೆದು ಅದು ಮುಗಿಸುತ್ತದೆ. ಲಾಗ್ ನೋಡಿದವರಿಗೂ ಎಲ್ಲವೂ ಸರಿಯಾಗಿದೆ ಎನಿಸುವುದು ಈ ಕಾರಣಕ್ಕೆ.

ಇದರ ಪರಿಹಾರ ಒಂದೇ ಸಾಲಿನದು. ಸಿಸ್ಟಮ್‌ಡಿಯನ್ನು ನಿಯಂತ್ರಿಸುವ ಸಿಸ್ಟಮ್‌ಸಿಟಿಎಲ್ ಆದೇಶದ ಎಡಿಟ್ ಸೌಲಭ್ಯವನ್ನು ಬಳಸಿ ಎರಡೂ ಟೈಮರುಗಳಿಗೆ ಪೂರಕ ಕಡತಗಳನ್ನು ಸೃಷ್ಟಿಸಿ, ಅವುಗಳ ಟೈಮರ್ ವಿಭಾಗದಲ್ಲಿ ಚೀಟಿಯ ಮಿತಿಯನ್ನು ಪಟ್ಟಿ ತರುವುದಕ್ಕೆ 5 ನಿಮಿಷ, ಅಳವಡಿಸುವುದಕ್ಕೆ 15 ನಿಮಿಷ ಎಂದು ಇಳಿಸಬೇಕು. ನಿಗದಿತ ವೇಳೆಯನ್ನಾಗಲಿ, ಬಾಕಿ ತೀರಿಸುವ ಗುಣವನ್ನಾಗಲಿ ಮುಟ್ಟಬೇಕಾಗಿಲ್ಲ. ಮೂಲ ಕಡತವನ್ನೇ ತಿದ್ದುವ ಆಸೆಯನ್ನು ಬಿಡಬೇಕು, ಏಕೆಂದರೆ ಈ ಟೈಮರುಗಳನ್ನು ಒಳಗೊಂಡ ಆಪ್ಟ್ ಪ್ಯಾಕೇಜ್ ಹೊಸದಾದಾಗ ಆ ಕಡತವೂ ಬದಲಾಗಿ ನಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ. ಎಡಿಟ್ ಸೌಲಭ್ಯ ಸೃಷ್ಟಿಸುವ ಪೂರಕ ಕಡತ ಬೇರೆ ಜಾಗದಲ್ಲಿರುವುದರಿಂದ ಉಳಿದುಕೊಳ್ಳುತ್ತದೆ. ಹೀಗೆ ಮಿತಿ ಇಳಿಸಿದರೆ ಸರ್ವರುಗಳಿಗೆ ಹೊರೆಯಾಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಮನುಷ್ಯರು ಬೇರೆ ಬೇರೆ ಹೊತ್ತಿನಲ್ಲಿ ಆನ್ ಮಾಡುವ ಯಂತ್ರಗಳ ಬೇಡಿಕೆ ತಾನಾಗಿಯೇ ಹರಡಿಕೊಂಡಿರುತ್ತದೆ, ಆದ್ದರಿಂದ ಇಲ್ಲಿ ಸಂಕೋಚಕ್ಕೆ ಕಾರಣವಿಲ್ಲ.

ಚೀಟಿಯ ತೊಂದರೆ ಬಗೆಹರಿದ ಮೇಲೂ ಒಂದು ಸೂಕ್ಷ್ಮ ಉಳಿಯುತ್ತದೆ. ಸಿಸ್ಟಮ್‌ಡಿ ತನ್ನ ಲೆಕ್ಕದ ಕಡತದಲ್ಲಿ ಬರೆದಿಡುವುದು ಕೆಲಸ ಶುರುವಾದ ವೇಳೆಯನ್ನು, ಕೆಲಸ ಕೈಗೂಡಿತೇ ಇಲ್ಲವೇ ಎಂಬುದನ್ನಲ್ಲ. ಯಂತ್ರ ಆನ್ ಆಗಿ ಮೂರನೆಯ ನಿಮಿಷಕ್ಕೆ ಟೈಮರ್ ಎದ್ದು, ಆಗ ಇನ್ನೂ ಇಂಟರ್ನೆಟ್ ಸಿಗದೆ ಪ್ರಯತ್ನ ಸೋತರೆ, ಆ ಸರದಿ ಮುಗಿಯಿತೆಂದೇ ಲೆಕ್ಕ. ಹತ್ತು ನಿಮಿಷದ ನಂತರ ಮೇಷ್ಟರು ತಮ್ಮ ಮೊಬೈಲಿನ ಹಾಟ್‌ಸ್ಪಾಟ್ ತೆರೆದರೂ ಅದು ಮತ್ತೆ ಏಳುವುದು ಮುಂದಿನ ನಿಗದಿತ ವೇಳೆಗೇ. ಲ್ಯಾಪ್‌ಟಾಪ್‌ಗಳಲ್ಲಿ ಇದರ ಜೊತೆಗೆ ಇನ್ನೊಂದು ಷರತ್ತಿದೆ: ಚಾರ್ಜರ್ ಸಿಕ್ಕಿಸದೆ ಬ್ಯಾಟರಿಯಲ್ಲಿ ಓಡುತ್ತಿದ್ದರೆ ಈ ಎರಡೂ ಕೆಲಸಗಳು ನಡೆಯುವುದಿಲ್ಲ, ಸರದಿ ಮಾತ್ರ ಕಳೆದುಹೋಗುತ್ತದೆ. ಆದ್ದರಿಂದ ಕಂಪ್ಯೂಟರನ್ನು ಆನ್ ಮಾಡುವ ಮೊದಲೇ ನೆಟ್ ಮತ್ತು ಚಾರ್ಜರ್ ಎರಡನ್ನೂ ಸಿದ್ಧಗೊಳಿಸುವ ಅಭ್ಯಾಸ ತೀರಾ ಸಣ್ಣದಾಗಿ ಕಂಡರೂ, ಅದರ ಫಲ ದೊಡ್ಡದು.

ಹಾಟ್‌ಸ್ಪಾಟ್‌ನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಆಂಡ್ರಾಯ್ಡ್ ಮೊಬೈಲ್ ತನ್ನ ಹಾಟ್‌ಸ್ಪಾಟ್ ಮಿತ ಡೇಟಾದ್ದು ಎಂಬ ಸಂಕೇತವನ್ನು ಕಂಪ್ಯೂಟರಿಗೆ ಕಳಿಸುತ್ತದೆ. ಲಿನಕ್ಸ್‌ನ ನೆಟ್‌ವರ್ಕ್ ಮ್ಯಾನೇಜರ್ ಅದನ್ನು ಗುರುತಿಸುತ್ತದೆ, ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಅದಕ್ಕೆ ಗೌರವ ಕೊಟ್ಟು ಏನನ್ನೂ ಇಳಿಸದೆ ಸುಮ್ಮನಾಗುತ್ತದೆ. ಮಾಲೀಕರ ಡೇಟಾ ಉಳಿಸಬೇಕೆಂಬ ಸದುದ್ದೇಶದ ನಡೆ ಇದು. ಆದರೆ ನಮ್ಮ ಹಳ್ಳಿಗಳ ಎಷ್ಟೋ ಕಂಪ್ಯೂಟರುಗಳಿಗೆ ಹಾಟ್‌ಸ್ಪಾಟ್ ಬಿಟ್ಟರೆ ಬೇರೆ ನೆಟ್ ಇಲ್ಲ. ಅಂತಹ ಕಡೆ ಈ ಸಂಪರ್ಕ ಮಿತ ಡೇಟಾದ್ದಲ್ಲ ಎಂದು ಸೆಟ್ಟಿಂಗ್‌ನಲ್ಲಿ ಬದಲಿಸುವುದು, ಅಥವಾ ತಂತ್ರಾಂಶದ ಸಂರಚನಾ ಕಡತದಲ್ಲಿ ಆ ಆಯ್ಕೆಗೆ ಫಾಲ್ಸ್ (false) ಎಂದು ಬರೆದು ನಿಲ್ಲಿಸುವುದು ಅಗತ್ಯ. ವಿಂಡೋಸ್‌ನಲ್ಲಿಯೂ ವೈಫೈ ಸಂಪರ್ಕವನ್ನು ಮಿತ ಡೇಟಾದ್ದೆಂದು ಗುರುತಿಸಿಟ್ಟಿದ್ದರೆ ಹೆಚ್ಚಿನ ಅಪ್‌ಡೇಟ್‌ಗಳು ತಾವಾಗಿ ಇಳಿಯುವುದಿಲ್ಲ.

ವಿಂಡೋಸ್‌ನ ಕತೆ ಸ್ವಲ್ಪ ಬೇರೆ. ಒಂದು ಯಂತ್ರ ಅಪ್‌ಡೇಟ್ ಆಗಲು ಎಷ್ಟು ಹೊತ್ತು ಓಡಬೇಕೆಂಬುದನ್ನು ಮೈಕ್ರೋಸಾಫ್ಟ್ ತನ್ನದೇ ದತ್ತಾಂಶದಿಂದ ಅಧ್ಯಯನ ಮಾಡಿ 2022ರ ಜನವರಿಯಲ್ಲಿ ಪ್ರಕಟಿಸಿತು. ಅಪ್‌ಡೇಟ್ ಬಿಡುಗಡೆಯಾದ ಮೇಲೆ ಯಂತ್ರವು ಇಂಟರ್ನೆಟ್ ಸಂಪರ್ಕದೊಂದಿಗೆ ಕನಿಷ್ಠ ಎರಡು ಗಂಟೆ ಎಡೆಬಿಡದೆ, ಹಾಗೂ ಒಟ್ಟಾರೆ ಆರು ಗಂಟೆ ಓಡಬೇಕು. ಇಷ್ಟಿದ್ದರೆ ಇಳಿಸುವಿಕೆ ಮತ್ತು ಅಳವಡಿಕೆ ಭರವಸೆಯಿಂದ ಮುಗಿಯುತ್ತವೆ ಎಂಬುದು ಅದರ ಸಾರ. ನಮ್ಮ ಶನಿವಾರದ ಯಂತ್ರವನ್ನು ಈ ಅಳತೆಗೋಲಿಗೆ ಹಿಡಿದರೆ, ಎಂಟು ವಾರಗಳಲ್ಲಿ ಒಟ್ಟು ಎಂಟು ಗಂಟೆಗಳಾಗಿ ಎರಡನೆಯ ಷರತ್ತು ಪೂರೈಸುತ್ತದೆ, ಆದರೆ ಎರಡು ಗಂಟೆಗಳ ಅಖಂಡ ಅವಧಿ ಒಮ್ಮೆಯೂ ಸಿಗುವುದಿಲ್ಲ. ಹಾಗಾಗಿ ಎಂಟು ತುಂಡು ಗಂಟೆಗಳಿಗಿಂತ ತಿಂಗಳಿಗೊಮ್ಮೆ ಸಿಗುವ ಮೂರು ಗಂಟೆಗಳ ಒಂದೇ ಅವಧಿ ಹೆಚ್ಚು ಪ್ರಯೋಜನಕಾರಿ ಎಂಬುದು ನನ್ನ ಅಭಿಪ್ರಾಯ. ಆ ಅವಧಿಯಲ್ಲಿ ಸೆಟ್ಟಿಂಗ್ಸ್ ತೆರೆದು, ಅಪ್‌ಡೇಟ್ ಹುಡುಕುವ ಗುಂಡಿಯನ್ನು ಕೈಯಾರೆ ಒತ್ತಿದರೆ ಯಂತ್ರ ತನ್ನ ಸರದಿಗಾಗಿ ಕಾಯುವ ಹೊತ್ತೂ ಉಳಿಯುತ್ತದೆ.

ಆ ದಿನ ಯಾವುದಾಗಿರಬೇಕು? ಮೈಕ್ರೋಸಾಫ್ಟ್ 2003ರಿಂದಲೂ ಪ್ರತಿ ತಿಂಗಳ ಎರಡನೆಯ ಮಂಗಳವಾರ ಭದ್ರತಾ ತೇಪೆಗಳನ್ನು ಬಿಡುಗಡೆ ಮಾಡುತ್ತ ಬಂದಿದೆ. ಬಿಡುಗಡೆಯ ಹೊತ್ತಾದ ಅಮೆರಿಕದ ಪಶ್ಚಿಮ ಕರಾವಳಿಯ ಬೆಳಿಗ್ಗೆ ಹತ್ತು ಗಂಟೆಯೆಂದರೆ ನಮಗೆ ಅಲ್ಲಿನ ಬೇಸಿಗೆಯಲ್ಲಿ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಅಂದರೆ ಭಾರತದ ಮಟ್ಟಿಗೆ ಅದು ಬುಧವಾರದ ಮಾಲು. ಎರಡನೆಯ ಮಂಗಳವಾರ ಕಳೆದ ನಂತರದ ಶನಿವಾರವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟುಕೊಂಡರೆ ತೇಪೆಯ ವಯಸ್ಸು ನಾಲ್ಕೇ ದಿನವಾಗಿರುತ್ತದೆ. ವಿಂಡೋಸ್ 11ರ (2025ರ ಅಕ್ಟೋಬರ್‌ನಲ್ಲಿ ಸಾಮಾನ್ಯ ಬೆಂಬಲ ಮುಗಿಯುವವರೆಗೆ ವಿಂಡೋಸ್ 10ರ ಕೂಡ) ತಿಂಗಳ ಅಪ್‌ಡೇಟ್‌ಗಳು ಹಿಂದಿನ ತಿಂಗಳುಗಳ ತೇಪೆಗಳನ್ನೂ ಒಳಗೊಂಡಿರುವುದರಿಂದ ನಾಲ್ಕು ತಿಂಗಳು ತಪ್ಪಿಸಿಕೊಂಡ ಯಂತ್ರವೂ ಸಾಮಾನ್ಯವಾಗಿ ಇತ್ತೀಚಿನದೊಂದನ್ನು ಹಾಕಿಕೊಂಡರೆ ಸಾಕಾಗುತ್ತದೆ.

ರೀಸ್ಟಾರ್ಟ್ ಬಗ್ಗೆ ವಿಶೇಷ ಎಚ್ಚರ ಬೇಕು. ಕೆಲಸಕ್ಕೆ ಅಡ್ಡಿಯಾಗದಿರಲೆಂದು ವಿಂಡೋಸ್ ಬಳಕೆಯ ವೇಳೆ ಎಂಬ ಅವಧಿಯನ್ನು ಇಟ್ಟುಕೊಂಡು, ಅದರ ಹೊರಗೆ ಮಾತ್ರ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಹಗಲು ಮಾತ್ರ ಓಡಿ, ಉಳಿದ ಹೊತ್ತು ಆಫ್ ಆಗಿರುವ ಯಂತ್ರಕ್ಕೆ ಆ ಹೊರಗಿನ ವೇಳೆ ಎಂಬುದೇ ಇಲ್ಲ. ತೇಪೆ ಇಳಿದು ಸಿದ್ಧವಾಗಿದ್ದರೂ ಕೊನೆಯ ಹೆಜ್ಜೆ ನಿಂತುಬಿಡುತ್ತದೆ. ಅದಕ್ಕಾಗಿ ಆಫ್ ಮಾಡುವಾಗ ಮೆನುವಿನಲ್ಲಿ ಅಪ್‌ಡೇಟ್ ಮಾಡಿ ರೀಸ್ಟಾರ್ಟ್ ಮಾಡುವ ಆಯ್ಕೆ ಕಂಡರೆ ಅದನ್ನೇ ಒತ್ತಿ, ಯಂತ್ರ ಮತ್ತೆ ಎದ್ದು ನಿಂತ ಮೇಲೆ ಆಫ್ ಮಾಡುವುದು ಒಳ್ಳೆಯದು.

ಕೆಲವರು ಇದಕ್ಕೆಲ್ಲ ಪರ್ಯಾಯವಾಗಿ, ಆಫ್ ಆಗುವ ಹೊತ್ತಿನಲ್ಲೇ ತೇಪೆಗಳನ್ನು ಅಳವಡಿಸುವ ಆಯ್ಕೆಯನ್ನು ಲಿನಕ್ಸ್‌ನಲ್ಲಿ ಚಾಲೂ ಮಾಡುತ್ತಾರೆ. ಬಳಕೆಯ ನಡುವೆ ಯಂತ್ರ ನಿಧಾನವಾಗದು ಎಂಬ ಲಾಭ ಅದಕ್ಕಿದೆ. ಆದರೆ ಲ್ಯಾಬಿನಿಂದ ಕೊನೆಗೆ ಹೊರಡುವವರು ಗೋಡೆಯ ಮೇಲಿನ ಬೋರ್ಡಿನ ಸ್ವಿಚ್ಚನ್ನು ಆರಿಸಿಯೇ ಹೋಗುವ ನಮ್ಮ ಕಡೆ ನಾನು ಅದನ್ನು ಯಾರಿಗೂ ಸೂಚಿಸಲಾರೆ. ಪ್ಯಾಕೇಜುಗಳನ್ನು ಅಳವಡಿಸುವ ನಡುವೆ ಕರೆಂಟ್ ಹೋದರೆ ಕೆಲವು ಪ್ಯಾಕೇಜುಗಳು ಅರೆಬರೆ ಸ್ಥಿತಿಯಲ್ಲಿ ಉಳಿಯುತ್ತವೆ. ಅವುಗಳನ್ನು ಸರಿಪಡಿಸುವ ಆದೇಶ ಇದ್ದೇ ಇದೆ, ಆದರೆ ಅದನ್ನು ಟೈಪ್ ಮಾಡಬಲ್ಲವರು ಪ್ರತಿ ಶಾಲೆಯಲ್ಲೂ ಇರುವುದಿಲ್ಲ. ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ರೂಢಿಯಲ್ಲಿ ಕೆಲಸವನ್ನು ಆದಷ್ಟು ಸಣ್ಣ ಕಂತುಗಳಾಗಿ ಒಡೆದು ಮಾಡುವುದರಿಂದ, ಬಳಕೆಯ ನಡುವೆ ನಡೆದ ಅಳವಡಿಕೆಯನ್ನು ಯಾರಾದರೂ ಕ್ರಮವಾಗಿ ಶಟ್‌ಡೌನ್ ಮಾಡಿ ನಿಲ್ಲಿಸಿದರೆ, ಕೈಯಲ್ಲಿರುವ ಕಂತನ್ನು ಮುಗಿಸಿ ಅದು ಸುರಕ್ಷಿತವಾಗಿ ನಿಲ್ಲುತ್ತದೆ. ಯುಪಿಎಸ್ ಇರುವ ಕಡೆ ಅದರ ಹತ್ತು ನಿಮಿಷ ಇಂತಹ ಕಂತಿಗೆ ಸಾಲುತ್ತದೆ. ಮನೆಯ ಲ್ಯಾಪ್‌ಟಾಪ್‌ಗಾದರೆ ಇನ್ನೂ ಸುಲಭದ ದಾರಿಯಿದೆ: ಪೂರ್ತಿ ಆಫ್ ಮಾಡದೆ ಮುಚ್ಚಳ ಮುಚ್ಚಿ ನಿದ್ರೆಗೆ ಕಳಿಸಿದರೆ ಎತ್ತಿದ ಚೀಟಿ ಹಾಗೆಯೇ ಉಳಿದು, ಅದರ ವೇಳೆ ನಿದ್ರೆಯಲ್ಲಿ ಕಳೆದಿದ್ದರೆ ಮುಚ್ಚಳ ತೆರೆದ ಕೂಡಲೇ ಕೆಲಸ ಆರಂಭವಾಗುತ್ತದೆ.

ಹತ್ತಾರು ಯಂತ್ರಗಳಿರುವ ಲ್ಯಾಬಿನಲ್ಲಿ ಇಳಿಸುವಿಕೆಯೇ ಹೊತ್ತು ತಿನ್ನುತ್ತದೆ. ಒಂದು ಹಳೆಯ ಯಂತ್ರವನ್ನು ಆಪ್ಟ್-ಕ್ಯಾಷರ್-ಎನ್‌ಜಿ ಎಂಬ ತಂತ್ರಾಂಶದೊಂದಿಗೆ ದಾಸ್ತಾನುಗಾರನಂತೆ ಇಟ್ಟರೆ, ಮೊದಲ ಕಂಪ್ಯೂಟರ್ ತಂದ ಪ್ಯಾಕೇಜ್ ಉಳಿದವುಗಳಿಗೆ ಒಳಗಿನ ಕೇಬಲ್ಲಿನಲ್ಲೇ ಕ್ಷಣಾರ್ಧದಲ್ಲಿ ಸಿಗುತ್ತದೆ. ವಿಂಡೋಸ್ ಯಂತ್ರಗಳು ಡೆಲಿವರಿ ಆಪ್ಟಿಮೈಸೇಶನ್ ಎಂಬ ಸೌಲಭ್ಯದ ಮೂಲಕ ಇದನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳಬಲ್ಲವು.

ಇಷ್ಟೆಲ್ಲ ಮಾಡಿದ ಮೇಲೆ ನೋಡಬೇಕಾದ್ದು ಸಾಕ್ಷಿಯನ್ನು. ಸಿಸ್ಟಮ್‌ಸಿಟಿಎಲ್‌ನ ಟೈಮರ್ ಪಟ್ಟಿ ಕೊನೆಯ ಪ್ರಯತ್ನದ ವೇಳೆಯನ್ನು ತೋರಿಸುತ್ತದೆಯೇ ಹೊರತು ಯಶಸ್ಸನ್ನಲ್ಲ, ಆದ್ದರಿಂದ ಅದನ್ನೊಂದನ್ನೇ ನಂಬಬಾರದು. ವಾರ್ ಡೈರೆಕ್ಟರಿಯೊಳಗಿನ ಲಾಗ್‌ನಲ್ಲಿ, ಆಪ್ಟ್ ಫೋಲ್ಡರಿನಲ್ಲಿರುವ ಹಿಸ್ಟರಿ ಎಂಬ ಕಡತ ಯಾವ ದಿನ ಯಾವ ಪ್ಯಾಕೇಜ್ ಬದಲಾಯಿತೆಂಬುದನ್ನು ಸ್ಪಷ್ಟವಾಗಿ ಬರೆದಿಟ್ಟಿರುತ್ತದೆ. ವಿಂಡೋಸ್‌ನಲ್ಲಿ ಅದೇ ಮಾಹಿತಿ ಅಪ್‌ಡೇಟ್ ಇತಿಹಾಸ ಎಂಬ ಪುಟದಲ್ಲಿದೆ. ನಮ್ಮ ಲ್ಯಾಬಿನಲ್ಲಿ ಪ್ರತಿ ಯಂತ್ರದ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇವೆ. ತಿಂಗಳಿಗೊಮ್ಮೆ ಒಬ್ಬ ವಿದ್ಯಾರ್ಥಿ ಆ ಕಡತವನ್ನು ತೆರೆದು, ಕೊನೆಯ ನಮೂದಿನ ದಿನಾಂಕವನ್ನು ಹಾಳೆಯ ಮೇಲೆ ಬರೆಯುತ್ತಾನೆ ಅಥವಾ ಬರೆಯುತ್ತಾಳೆ. ಚೀಟಿಯ ಮಿತಿ ಇಳಿಸಿದ ಮೇಲಿನ ಮೊದಲ ತಿಂಗಳಲ್ಲಿ ಮೂರನೆಯ ಸಾಲಿನ ಒಂದು ಯಂತ್ರದ ದಿನಾಂಕ ಮಾತ್ರ ಹಿಂದೆಯೇ ಉಳಿದಿತ್ತು. ಹೋಗಿ ನೋಡಿದರೆ ಅದರ ನೆಟ್‌ವರ್ಕ್ ಕೇಬಲ್ ಸಡಿಲವಾಗಿತ್ತು.